ವಾಲ್ಟರ್ ಟಲ್
ವಾಲ್ಟರ್ ಡೇನಿಯಲ್ ಜಾನ್ ಟಲ್: 1888-1918. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರ, ಮೊದಲ ಮಹಾಯುದ್ಧದ ಯೋಧ. ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿ ಬಿಳಿಯ ಸೈನಿಕರನ್ನು ಮುನ್ನಡೆಸಿದ ಮೊದಲ ಕರಿಯರಲ್ಲಿ ಒಬ್ಬ.

ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಕಡಲತಡಿಯ ಊರಿನಲ್ಲಿ. ತಂದೆ ಡೇನಿಯಲ್ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ. ಡೇನಿಯಲನ ಹೆತ್ತವರ ತಲೆಮಾರು ಕಬ್ಬಿನ ತೋಟಗಳಲ್ಲಿ ಗುಲಾಮಗಿರಿಯನ್ನು ಕಂಡದ್ದು. ತಾಯಿ ಆಲಿಸ್ ಕೆಂಟ್‌ನವಳೇ. 1895ರಲ್ಲಿ ತಾಯಿ ತೀರಿಕೊಂಡಳು; ಮರುಮದುವೆಯಾದ ತಂದೆಯೂ 1897ರಲ್ಲಿ ತೀರಿಕೊಂಡ. ಮಲತಾಯಿಗೆ ಮಕ್ಕಳನ್ನೆಲ್ಲ ಸಾಕುವ ಶಕ್ತಿಯಿರಲಿಲ್ಲ. ವಾಲ್ಟರ್ ಮತ್ತು ಅಣ್ಣ ಎಡ್ವರ್ಡ್ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟ್ ಅನಾಥಾಲಯ ಸೇರಿದರು. ಅಣ್ಣನನ್ನು ಗ್ಲಾಸ್ಗೋದ ಕುಟುಂಬವೊಂದು ದತ್ತು ತೆಗೆದುಕೊಂಡಿತು; ಅವನು ಮುಂದೆ ದಂತವೈದ್ಯನಾದ. ಅನಾಥಾಲಯದಲ್ಲೇ ಉಳಿದ ತಮ್ಮ ಮುದ್ರಣದ ಕೆಲಸ ಕಲಿತ, ಅಲ್ಲಿನ ತಂಡದಲ್ಲಿ ಚೆಂಡಾಡಿದ.

1908ರಲ್ಲಿ ಕ್ಲಾಪ್ಟನ್ ಎಂಬ ಹವ್ಯಾಸಿ ತಂಡ ಸೇರಿದ ಟಲ್, ಮರುವರ್ಷ ಅದು ಎಫ್‌ಎ ಅಮೆಚೂರ್ ಕಪ್ ಗೆದ್ದಾಗ ಅದರಲ್ಲಿದ್ದ. ಅದೇ ವರ್ಷ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಅವನನ್ನು ಅರ್ಜೆಂಟೀನ, ಉರುಗ್ವೆ ಪ್ರವಾಸಕ್ಕೆ ಕರೆದೊಯ್ದು, ಬಳಿಕ ಪ್ರಥಮ ದರ್ಜೆಯ ಲೀಗ್‌ನಲ್ಲಿ ಆಡಿಸಿತು. 1909ರ ಅಕ್ಟೋಬರಿನಲ್ಲಿ ಬ್ರಿಸ್ಟಲ್ ಸಿಟಿ ಮೈದಾನದಲ್ಲಿ ಪ್ರೇಕ್ಷಕರ ಒಂದು ಗುಂಪು ಅವನ ಬಣ್ಣವನ್ನು ಹಿಡಿದು ಆಟದುದ್ದಕ್ಕೂ ಹೊಲಸು ಬೈಗುಳ ಸುರಿಸಿತು. ಆ ದಿನ ಟಾಟನ್‌ಹ್ಯಾಮ್‌ನ ಫಾರ್ವರ್ಡ್‌ಗಳಲ್ಲಿ ಟಲ್‌ನದೇ ಮೇಲುಗೈ ಎಂದು ಪತ್ರಿಕಾ ವರದಿಗಾರನೊಬ್ಬ ಬರೆದ. ಆದರೂ ಕೆಲವೇ ದಿನಗಳಲ್ಲಿ ಟಲ್ ಮೀಸಲು ತಂಡಕ್ಕೆ ಇಳಿದ. ಕ್ಲಬ್ಬಿಗಾಗಿ ಅವನು ಆಡಿದ ಲೀಗ್ ಪಂದ್ಯಗಳು ಒಟ್ಟು ಹತ್ತು. ಚೆನ್ನಾಗಿ ಆಡಿದವನು ಹೊರಗುಳಿದದ್ದಕ್ಕೆ ಆಟದೊಳಗಿನ ಕಾರಣ ಹುಡುಕುವುದು ಕಷ್ಟ.

1911ರಲ್ಲಿ ಅವನನ್ನು ನಾರ್ಥ್ಯಾಂಪ್ಟನ್ ಟೌನ್‌ಗೆ ಕೊಂಡವನು ಹರ್ಬರ್ಟ್ ಚಾಪ್‌ಮನ್. ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಕಟ್ಟಿ ಹೆಸರಾದ ಮ್ಯಾನೇಜರ್ ಇವನೇ. ಇಲ್ಲಿ ವಿಂಗ್ ಹಾಫ್ ಸ್ಥಾನದಲ್ಲಿ ನೆಲೆಯೂರಿದ ಟಲ್ ನೂರಕ್ಕೂ ಮಿಕ್ಕಿ ಪಂದ್ಯಗಳನ್ನಾಡಿದ.

1914ರ ಡಿಸೆಂಬರಿನಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಸೇರಿದ. ಆಟಗಾರರನ್ನೂ ಅಭಿಮಾನಿಗಳನ್ನೂ ಕೂಡಿಸಿ ಕಟ್ಟಿದ ಇದಕ್ಕೆ ಫುಟ್‌ಬಾಲ್ ಬೆಟಾಲಿಯನ್ ಎಂದೇ ಹೆಸರಿತ್ತು. ಟಲ್ ಬೇಗನೆ ಸಾರ್ಜೆಂಟ್ ದರ್ಜೆಗೇರಿದ. 1916ರಲ್ಲಿ, ಸಿಡಿಗುಂಡುಗಳ ನಡುವಿನ ಬದುಕು ಮನಸ್ಸನ್ನು ಜರ್ಜರಗೊಳಿಸಿ, ಆಸ್ಪತ್ರೆ ಸೇರಬೇಕಾಯಿತು. ಚೇತರಿಸಿಕೊಂಡು ಸೋಮ್ ಕದನಕ್ಕೆ ಮರಳಿದ. ವರ್ಷದ ಕೊನೆಯಲ್ಲಿ ಕಂದಕ ಜ್ವರ ಬಂದು ಊರಿಗೆ ಕಳಿಸಿದರು.

ಅವನ ಬಾಳಿನ ಅತಿ ದೊಡ್ಡ ತಿರುವು ಆಮೇಲಿನದು. ನೀಗ್ರೋ ಮೂಲದವರು ಅಧಿಕಾರಿಯಾಗಿ ಆಜ್ಞೆ ನೀಡುವಂತಿಲ್ಲವೆಂದು 1914ರ ಸೇನಾ ಕಾನೂನಿನ ಕೈಪಿಡಿ ಹೇಳುತ್ತಿತ್ತು. ಅದು ಜಾರಿಯಲ್ಲಿದ್ದಾಗಲೇ ಟಲ್ ಸ್ಕಾಟ್ಲೆಂಡಿನಲ್ಲಿ ಅಧಿಕಾರಿ ತರಬೇತಿ ಮುಗಿಸಿ, 1917ರ ಮೇ 30ರಂದು ಸೆಕೆಂಡ್ ಲೆಫ್ಟಿನೆಂಟ್ ಆದ. ಯುದ್ಧದಲ್ಲಿ ಅಧಿಕಾರಿಗಳು ಸಾಲುಸಾಲಾಗಿ ಸತ್ತು ಸೇನೆಗೆ ಕೊರತೆ ಬಿದ್ದಿತ್ತೆಂಬುದು ನಿಜ. ಆದರೆ ಕೊರತೆಯೊಂದರಿಂದಲೇ ಇದು ಆಗಲಿಲ್ಲ. ಕಂದಕಗಳಲ್ಲಿ ಅವನನ್ನು ಕಂಡಿದ್ದ ಮೇಲಧಿಕಾರಿಗಳಿಗೆ ಅವನ ಯೋಗ್ಯತೆ ತಿಳಿದಿತ್ತು. 23ನೇ ಬೆಟಾಲಿಯನ್ನಿನೊಂದಿಗೆ ಇಟಲಿಗೆ ಹೋದ ಅವನು 1918ರ ಹೊಸವರ್ಷದ ದಿನಗಳಲ್ಲಿ, ರಾತ್ರಿ ಪಿಯಾವೆ ನದಿ ದಾಟಿ ದಾಳಿ ನಡೆಸಿ, ತನ್ನ 26 ಮಂದಿಯನ್ನೂ ಜೀವಸಹಿತ ವಾಪಸು ಕರೆತಂದ. ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವನ ಧೈರ್ಯವನ್ನೂ ಸಮಚಿತ್ತವನ್ನೂ ಲಿಖಿತವಾಗಿ ಮೆಚ್ಚಿಕೊಂಡ.

1918ರ ಮಾರ್ಚ್ 21ರಂದು ಜರ್ಮನರ ವಸಂತಕಾಲದ ಮಹಾದಾಳಿ ಆರಂಭವಾಯಿತು. ಇಟಲಿಯಿಂದ ಫ್ರಾನ್ಸಿಗೆ ಮರಳಿದ್ದ ಟಲ್ 25ರಂದು ಅಲ್ಲಿನ ಫಾವ್ರೆಯ್ ಬಳಿ ಗುಂಡೇಟಿಗೆ ಬಲಿಯಾದ, ವಯಸ್ಸು 29. ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರ್ ಆಗಿದ್ದ ಸೈನಿಕ ಟಾಮ್ ಬಿಲ್ಲಿಂಗ್‌ಹ್ಯಾಮ್ ಗುಂಡಿನ ಮಳೆಯಲ್ಲೇ ಅವನನ್ನು ಹಿಂದಕ್ಕೆ ತರಲು ಹೆಣಗಿದರೂ ಆಗಲಿಲ್ಲ. ಅರಾಸ್ ಸ್ಮಾರಕದ ಗೋಡೆಯ ಮೇಲೆ ಹೆಸರಿದೆ, ಸಮಾಧಿಯಿಲ್ಲ.

ದಶಕಗಳ ಮರೆವಿನ ನಂತರ 1999ರಲ್ಲಿ ನಾರ್ಥ್ಯಾಂಪ್ಟನ್‌ನ ಸಿಕ್ಸ್‌ಫೀಲ್ಡ್ಸ್ ಮೈದಾನದ ಪಕ್ಕದಲ್ಲಿ ಸ್ಮಾರಕ ಎದ್ದಿತು. ಟಲ್‌ನನ್ನು ಮಿಲಿಟರಿ ಕ್ರಾಸ್ ಪದಕಕ್ಕೆ ಶಿಫಾರಸು ಮಾಡಲಾಗಿತ್ತೆಂದು ಜೊತೆಯ ಅಧಿಕಾರಿಯೊಬ್ಬ ಎಡ್ವರ್ಡ್‌ಗೆ ಪತ್ರ ಬರೆದಿದ್ದ. ಆ ಪದಕ ಬರಲಿಲ್ಲ. ಮರಣೋತ್ತರವಾಗಿಯಾದರೂ ಅದನ್ನು ಕೊಡಬೇಕೆಂದು ಬ್ರಿಟನ್ನಿನಲ್ಲಿ ಚಳವಳಿಯೇ ನಡೆದಿದೆ.