ಕನ್ನಡ ನಾಡಿನಲ್ಲಿ ಯೇಸುವಿನ ದೈವತ್ವ

ವರದೆಯು ತುಂಗಭದ್ರೆಯನ್ನು ಕೂಡುವೆಡೆಯ ಗಳಗನಾಥದಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರಾಲಯವಿದೆ. 1997ರವರೆಗೆ ಈ ಗ್ರಾಮವು ಸೇರಿದ್ದ ಧಾರವಾಡ ಜಿಲ್ಲೆಗೆ ಯೇಸುವು ದೇವನೆಂಬ ವಾರ್ತೆಯನ್ನು ಹೊತ್ತು ಬಾಸೆಲ್ ಮಿಶನ್ನಿನವರು ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ದೇವರು ನರರೂಪ ತಾಳುವುದು ವೈಷ್ಣವನಿಗೆ ಸೋಜಿಗವಲ್ಲ. ಹತ್ತು ಅವತಾರಗಳೊಡನೆ ಇದು ಹನ್ನೊಂದನೆಯದು. ಶೈವನಿಗೋ ಶಿವನು ಹುಟ್ಟುಸಾವುಗಳಿಲ್ಲದವನು. ಶಿಲುಬೆಯ ಮೇಲೆ ಸತ್ತವನು ದೇವನೆಂತಾದಾನು? ಬೋಧಕರ ಮಾತು ಈ ಎರಡಕ್ಕೂ ಒಗ್ಗದು. ಅವರು ಹೇಳಿದ್ದು ಒಂದೇ ಸಲದ ಅವತರಣ, ನಿಜವಾದ ಮರಣ.

ಈ ತೊಡಕು ಬಹು ಹಳೆಯದು. ದೇವಕುಮಾರನೂ ಸೃಷ್ಟನಾದವನೇ ಎಂದು ಅಲೆಕ್ಸಾಂಡ್ರಿಯದ ಆರಿಯಸನು ವಾದಿಸಲು, 325ರಲ್ಲಿ ನೈಸೀಯದ ಸಭೆಯು ಅವನು ತಂದೆಯೊಡನೆ ಏಕತತ್ತ್ವನೆಂದು ನಿರ್ಣಯಿಸಿತು. 451ರಲ್ಲಿ ಕಾಲ್ಸಿಡನ್ನಿನ ಸಭೆಯು ಪೂರ್ಣದೇವನೂ ಪೂರ್ಣಮನುಷ್ಯನೂ ಅವನೊಬ್ಬನೇ ಎಂದು ಸಾರಿತು. ಹೊರಗಿನವರಿಗೆ ಇದು ಪಂಡಿತರ ಶಬ್ದಜಗಳವಾಗಿ ತೋರಬಹುದು. ವಿಶ್ವಾಸಿಗೆ ಮುಕ್ತಿಯೇ ಇದರ ಮೇಲೆ ನಿಂತಿದೆ. ಸತ್ತವನು ದೇವನಲ್ಲವಾದರೆ ಆ ಮರಣಕ್ಕೆ ಪಾಪವನ್ನು ಕಳೆಯುವ ಶಕ್ತಿಯಿಲ್ಲ. ಮನುಷ್ಯನಲ್ಲವಾದರೆ ಆ ನೋವು ಬರಿಯ ವೇಷ.

ಕನ್ನಡದಲ್ಲಿ ಇದನ್ನು ಹೇಳುವುದಕ್ಕೆ ತರ್ಕವೊಂದೇ ಸಾಲದಾಗಿತ್ತು. 1853ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲರು ಕಥೆಯ ದಾರಿಯನ್ನು ಹಿಡಿದರು. ಕೋಶಕಾರರೆಂದೇ ಅವರನ್ನು ಬಲ್ಲವರು ಅನೇಕರು. ಆದರೆ 1894ರ ನಿಘಂಟುವಿಗಿಂತ ಮೂವತ್ತೆರಡು ವರ್ಷ ಮೊದಲೇ, ‘ಕಥಾಮಾಲೆ’ಯಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ್ದರು.