ಸಿಂಹಳದ ಬಾನುಲಿಯೂ ಹಳೆಯ ಚಿತ್ರಗೀತೆಗಳ ಸ್ಮರಣೆಯೂ

ಬಾಲ್ಯದಲ್ಲಿ ಕೇಳಿದ ಹಾಡಿನ ಮೇಲಣ ವ್ಯಾಮೋಹವು ಕೇವಲ ವಯೋಧರ್ಮವೆಂದು ಹೇಳುವುದುಂಟು. ಹಿಂದೀ ಚಿತ್ರಗೀತೆಗಳ ವಿಷಯದಲ್ಲಿ ಈ ಮಾತು ಪೂರ್ತಿಯಾಗಿ ಸಲ್ಲದು. ಅಲ್ಲಿ ಸರ್ಕಾರದ ನಿರಾಕರಣೆಯೊಂದಕ್ಕೂ ಪಾಲುಂಟು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳು. ಅವರ ಕಾಲದಲ್ಲಿ ಚಿತ್ರಗೀತೆಗಳು ಆಲ್ ಇಂಡಿಯಾ ರೇಡಿಯೋವಿನಿಂದ ಬಹುಮಟ್ಟಿಗೆ ಮರೆಯಾದುವು. ಕೇಳುಗರಾದರೋ ಅವನ್ನು ಬಿಡಲೊಲ್ಲದೆ ರೇಡಿಯೋವಿನ ಮುಳ್ಳನ್ನು ಕೊಲಂಬೋವಿನ ಕಡೆಗೆ ತಿರುಗಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಸಿಂಹಳದಲ್ಲಿ ನಿಲ್ಲಿಸಿದ್ದ ಪ್ರಬಲವಾದ ಪ್ರಸಾರಯಂತ್ರವು ಈಗ ಲತಾ ಮಂಗೇಶ್ಕರ್, ಮಹಮ್ಮದ್ ರಫಿ ಇವರ ಕಂಠಗಳನ್ನು ಕಡಲು ದಾಟಿಸತೊಡಗಿತು!

ಅದೇ 1952ರಲ್ಲಿ ಆರಂಭವಾದ ‘ಬಿನಾಕಾ ಗೀತಮಾಲಾ’ವನ್ನು ಅಮೀನ್ ಸಯಾನಿಯವರು ಮುಂಬಯಿಯಲ್ಲಿ ನುಡಿದು ಮುದ್ರಿಸುತ್ತಿದ್ದರು. ಆ ಸುರುಳಿಗಳು ವಿಮಾನದಲ್ಲಿ ಕೊಲಂಬೋವಿಗೆ ಹೋಗಿ, ಬುಧವಾರ ರಾತ್ರಿ ಧ್ವನಿರೂಪದಲ್ಲಿ ಭಾರತಕ್ಕೆ ಮರಳುತ್ತಿದ್ದುವು. ಕಾರ್ಯಕ್ರಮದ ಹೆಸರು ಹಲ್ಲುಜ್ಜುವ ಪೇಸ್ಟಿನದು. ಆದರೂ ಅದನ್ನು ಕೇಳಿ ನಕ್ಕವರಿಲ್ಲ. 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯು ಹುಟ್ಟಿದುದನ್ನು ಸರ್ಕಾರವು ತನ್ನ ಸೋಲನ್ನು ಒಪ್ಪಿಕೊಂಡುದೆಂದೇ ಎಣಿಸಬೇಕು.

ಇಲ್ಲಿ ಗಮನಿಸತಕ್ಕ ಅಂಶವು ಇನ್ನೊಂದುಂಟು. ಕೊಲಂಬೋ ನಿಲಯವು ಬೆಳಗ್ಗೆ ಪ್ರಸಾರಮಾಡುತ್ತಿದ್ದ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮವು ಕೆ. ಎಲ್. ಸೈಗಲ್ಲರ ಹಾಡಿನಿಂದ ಮುಗಿಯುತ್ತಿದ್ದಿತು. ಸೈಗಲ್ಲರು 1947ರಲ್ಲಿಯೇ ತೀರಿಕೊಂಡಿದ್ದರು. ಶಾಲೆಗೆ ಹೊರಟ ಮಕ್ಕಳ ಕಿವಿಗೆ ಆಗ ಬೀಳುತ್ತಿದ್ದುದು ಅವರ ತಂದೆಯರ ತಾರುಣ್ಯದ ಹಾಡು. ಇಂದು ವೃದ್ಧರಾಗಿರುವ ಆ ಮಕ್ಕಳು ಸೈಗಲ್ಲರನ್ನೂ ತಮ್ಮ ಬಾಲ್ಯದ ಗಾಯಕರೆಂದೇ ಸ್ಮರಿಸುವರು.