ರಕ್ತದ ಚೀಟಿ ಹೊರಿಸಿದ ಅಪವಾದ

ಲ್ಯಾಬಿನಿಂದ ಬಂದ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಕಂಡರೆ ಯಾರ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ಆ ಒಂದು ಪದ ಹೆಣ್ಣಿನ ನಡತೆಯ ಮೇಲೇ ಸಂಶಯ ತಂದ ಕಾಲವೂ ಇತ್ತು.

1906ರಲ್ಲಿ ಜರ್ಮನಿಯ ಆಗಸ್ಟ್ ಫಾನ್ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್ ಎಂಬ ಗುಹ್ಯರೋಗಕ್ಕೆ ರಕ್ತಪರೀಕ್ಷೆಯೊಂದನ್ನು ಹೊರತಂದರು. ವೈದ್ಯಲೋಕ ಅದನ್ನು ಕಣ್ಣಿಗೊತ್ತಿಕೊಂಡಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯವಂತೂ 1935ರಲ್ಲಿ, ಮದುವೆಗೆ ಮುಂಚೆ ವಧೂವರರಿಬ್ಬರೂ ಸಿಫಿಲಿಸ್‌ಗಾಗಿ ರಕ್ತಪರೀಕ್ಷೆ ಮಾಡಿಸಲೇಬೇಕೆಂದು ಕಾನೂನು ಮಾಡಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ನಾವು ಜಾತಕ ನೋಡುವ ಹಾಗೆ ಅಲ್ಲಿ ರಕ್ತ ನೋಡತೊಡಗಿದರು ಅನ್ನಿ.

ಆದರೆ ಈ ಪರೀಕ್ಷೆ ರೋಗಾಣುವನ್ನು ಹುಡುಕುತ್ತಲೇ ಇರಲಿಲ್ಲ! ಒಂದು ಬಗೆಯ ಕೊಬ್ಬಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನಷ್ಟೇ ಅದು ತೋರಿಸುತ್ತಿತ್ತು. 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಎಂಬ ಅಮೆರಿಕದ ವಿಜ್ಞಾನಿ ಆ ಕೊಬ್ಬನ್ನು ದನದ ಹೃದಯದಿಂದ ಬೇರ್ಪಡಿಸಿ ಕಾರ್ಡಿಯೋಲಿಪಿನ್ ಎಂದು ಕರೆದರು. ಅಂಥ ಪ್ರತಿಕಾಯಗಳು ಸಿಫಿಲಿಸ್‌ನಲ್ಲಿ ಹುಟ್ಟುತ್ತವೆ ನಿಜ. ಮಲೇರಿಯಾದಲ್ಲೂ ಹುಟ್ಟಬಹುದು. ಕೆಲವರಲ್ಲಿ ಯಾವ ಸೋಂಕೂ ಇಲ್ಲದೆ ವರ್ಷಗಟ್ಟಲೆ ಉಳಿಯುತ್ತವೆ. ತಪ್ಪು ಮಾಡದ ಹೆಂಗಸು ಗಂಡನಿಗೂ ಅತ್ತೆಗೂ ಏನೆಂದು ಹೇಳಿಯಾಳು?

1949ರಲ್ಲಿ ನೆಲ್ಸನ್ ಮತ್ತು ಮೇಯರ್ ಎಂಬಿಬ್ಬರು ಹೊಸ ಪರೀಕ್ಷೆ ತಂದರು. ಜೀವಂತ ಸಿಫಿಲಿಸ್ ರೋಗಾಣುಗಳಿಗೆ ರೋಗಿಯ ಸೀರಮ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗವಿದ್ದವರ ಸೀರಮ್ಮಿನಲ್ಲಿ ಅವುಗಳ ಚಲನೆ ನಿಲ್ಲುತ್ತದೆ, ಇಲ್ಲದವರದರಲ್ಲಿ ಈಜುತ್ತಲೇ ಇರುತ್ತವೆ. ಅದೆಷ್ಟೋ ಜನರ ಮೇಲಿನ ಅಪವಾದ ಹೀಗೆ ಸುಳ್ಳಾಯಿತು. ಬಾಲ್ಟಿಮೋರಿನ ಡಾಕ್ಟರ್ ಮೂರ್ ಅಷ್ಟಕ್ಕೇ ಬಿಡದೆ, ಇಂಥವರಿಗೆ ಮುಂದೇನಾಗುತ್ತದೆಂದು ಬೆನ್ನುಹತ್ತಿ ನೋಡಿದರು. ಕೆಲವರಿಗೆ ಲೂಪಸ್ ಇತ್ತೆಂದು 1955ರಲ್ಲಿ ಲುಟ್ಸ್ ಜೊತೆಗೂಡಿ ಬರೆದರು. ಕೀಲುನೋವು, ಕೆನ್ನೆಯ ಮೇಲೆ ಕೆಂಪು, ಬಿಡದ ಆಯಾಸ. ದೇಹ ತನ್ನನ್ನೇ ಹಗೆಯೆಂದು ಬಗೆಯುವ ಈ ರೋಗದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರೇ. ಲೂಪಸ್ ಹಿಡಿಯಲು ಇಂದು ಮೊದಲು ಮಾಡಿಸುವ ಎಎನ್‌ಎ ಪರೀಕ್ಷೆ ಬಂದದ್ದೂ ಆ ದಶಕದಲ್ಲೇ, 1957ರಲ್ಲಿ.

ಕಾರ್ಡಿಯೋಲಿಪಿನ್ನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಮತ್ತು ಸಂಗಡಿಗರು ಆ ಪ್ರತಿಕಾಯಗಳನ್ನೇ ನೇರವಾಗಿ ಅಳೆಯುವ ಪರೀಕ್ಷೆ ರೂಪಿಸಿದರು. ಅವು ಹೆಚ್ಚಿದ್ದವರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಗರ್ಭ ಮತ್ತೆ ಮತ್ತೆ ಇಳಿದುಹೋಗುತ್ತದೆ ಎಂಬುದು ಸ್ಪಷ್ಟವಾಯಿತು. ಸಿಫಿಲಿಸ್‌ನಲ್ಲೂ ಗರ್ಭಪಾತವಾಗುತ್ತದಲ್ಲ! ಹಿಂದಿನ ಆ ಹೆಂಗಸರ ಪಾಲಿಗೆ ಕಳೆದುಕೊಂಡ ಕೂಸೇ ಅಪವಾದಕ್ಕೆ ಸಾಕ್ಷಿಯಾಗಿ ನಿಂತಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ಬಸುರಿಯರಿಗೆ ನಮ್ಮ ಆಸ್ಪತ್ರೆಗಳಲ್ಲಿ ಮಾಡಿಸುವ ವಿಡಿಆರ್‌ಎಲ್ ಪರೀಕ್ಷೆಯಲ್ಲೂ ಇರುವುದು ಕಾರ್ಡಿಯೋಲಿಪಿನ್ನೇ. ಅದು ಪಾಸಿಟಿವ್ ಬಂದರೆ ರೋಗಾಣುವಿಗೇ ಸಂಬಂಧಿಸಿದ ಎರಡನೆಯ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಗರ್ಭ ಮೇಲಿಂದ ಮೇಲೆ ಇಳಿಯುತ್ತಿದ್ದವರಿಗೆ ಕಾರ್ಡಿಯೋಲಿಪಿನ್ ಪ್ರತಿಕಾಯ ಕಂಡರೆ ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆಗಲೂ ಇದ್ದರೆ ಮುಂದಿನ ಬಸಿರಿನಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್, ಜೊತೆಗೆ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ. ಹಾಗೆ ಉಳಿದು ಹುಟ್ಟಿದ ಮಕ್ಕಳು ಈಗ ಎಷ್ಟೋ ಮನೆಗಳಲ್ಲಿದ್ದಾರೆ.